ಹೆಸರಿಲ್ಲದ ಬಟ್ಟಲುಗಳು: ಬಗೆಬಗೆಯ ಮಾಹಿತಿಯನ್ನು ಒಂದೆಡೆ ಕಟ್ಟಿಡುವ ಕ್ರಮದ ಚರಿತ್ರೆ



ಸೆಪ್ಟೆಂಬರ್ 1 ಜಪಾನಿನಲ್ಲಿ ವಿಪತ್ತು ನಿವಾರಣಾ ದಿನ. 1923ರ ಅದೇ ದಿನ ಟೋಕಿಯೊ ಮತ್ತು ಯೊಕೊಹಾಮಾ ನಗರಗಳನ್ನು ಧ್ವಂಸ ಮಾಡಿದ ಕಾಂಟೊ ಮಹಾಭೂಕಂಪದ ನೆನಪಿಗಾಗಿ 1960ರಿಂದ ಇದನ್ನು ಆಚರಿಸಲಾಗುತ್ತಿದೆ. ನಮ್ಮ ಮಕ್ಕಳು ಶಾಲೆಯಲ್ಲಿ ಮೇಜಿನ ಕೆಳಗೆ ತಲೆ ಮರೆಸಿಕೊಂಡು ಕುಳಿತು ಅಭ್ಯಾಸ ಮಾಡುವುದನ್ನು ನೀವೆಲ್ಲ ಬಲ್ಲಿರಿ. ಆ ದಿನಕ್ಕೆ ಒದಗುವಂತೆ ಬಳಗದ ಆಸಕ್ತ ಕುಟುಂಬಗಳಿಗೆ ಒಂದೊಂದು ಆರೋಗ್ಯ ಚೀಟಿಯನ್ನು ಸಿದ್ಧಪಡಿಸುವ ಕೆಲಸವನ್ನು ಕೆಲವು ವರ್ಷಗಳ ಹಿಂದೆ ನಾನು ಸ್ವಯಂಸೇವೆಯಾಗಿ ಕೈಗೆತ್ತಿಕೊಂಡೆ. ಪ್ರತಿಯೊಬ್ಬರ ಹೆಸರು, ವಯಸ್ಸು, ತೂಕ, ರಕ್ತದ ಗುಂಪು, ಮೈಗೆ ಒಗ್ಗದ ಔಷಧಗಳು, ಇಷ್ಟೇ ಅದರಲ್ಲಿರುವುದು. ಚಿಕ್ಕ ಮಕ್ಕಳ ಚೀಟಿಯಲ್ಲಿ ಮಾತ್ರ ತೂಕಕ್ಕೆ ತಕ್ಕ ಜ್ವರದ ಔಷಧದ ಪ್ರಮಾಣವೂ ಅಚ್ಚಾಗುತ್ತಿತ್ತು.

ನಾನು ಓದಿದ್ದು ಎಂ.ಬಿ.ಬಿ.ಎಸ್.; ಪ್ರೋಗ್ರಾಮಿಂಗ್ ನನಗೆ ಹವ್ಯಾಸ ಮಾತ್ರ. ಬಳಗದಲ್ಲಿ ಅದನ್ನೇ ವೃತ್ತಿಯಾಗಿಸಿಕೊಂಡವರು ಎಷ್ಟೋ ಮಂದಿ ಇದ್ದರೂ, ಇಷ್ಟು ಸಣ್ಣ ಕೆಲಸಕ್ಕೆ ಅವರನ್ನೇಕೆ ತೊಂದರೆಪಡಿಸುವುದು ಎಂದುಕೊಂಡು ರೂಬಿ ಭಾಷೆಯಲ್ಲಿ ನಾನೇ ಒಂದು ಪುಟ್ಟ ಪ್ರೋಗ್ರಾಮ್ ಬರೆದೆ. ಒಂದು ಮಗುವಿನ ವಿವರವೆಲ್ಲ ಒಂದು ಸಾಲಿನಲ್ಲಿ, ಒಂದರ ಪಕ್ಕ ಒಂದು: ಮೊದಲನೆಯದು ಹೆಸರು, ಎರಡನೆಯದು ತಿಂಗಳುಗಳಲ್ಲಿ ವಯಸ್ಸು, ಮೂರನೆಯದು ಕಿಲೋಗ್ರಾಂಗಳಲ್ಲಿ ತೂಕ. "ಮೂರನೆಯದನ್ನು 15ರಿಂದ ಗುಣಿಸು" ಎಂದು ಪ್ರೋಗ್ರಾಮಿಗೆ ಹೇಳಿದ್ದೆ. ಪ್ಯಾರಾಸಿಟಮಾಲ್, ಎಂದರೆ ಇಲ್ಲಿ ಅಸೆಟಮಿನೊಫೆನ್ ಎಂಬ ಹೆಸರಿನಿಂದ ಸಿಗುವ ಔಷಧವನ್ನು, ಮಕ್ಕಳಿಗೆ ಒಂದು ಬಾರಿಗೆ ಕಿಲೋಗ್ರಾಂ ತೂಕಕ್ಕೆ 10ರಿಂದ 15 ಮಿಲಿಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ. ಮೇಲಿನ ಮಿತಿ ಅದು.

ಎರಡನೆಯ ವರ್ಷ ಅರ್ಜಿಯ ನಮೂನೆಯನ್ನು ಅಂದಗೊಳಿಸುವ ಉತ್ಸಾಹದಲ್ಲಿ ತೂಕದ ಅಂಕಣವನ್ನು ವಯಸ್ಸಿನ ಅಂಕಣಕ್ಕಿಂತ ಮೊದಲು ಇಟ್ಟೆ. ಪ್ರೋಗ್ರಾಮನ್ನು ತಿದ್ದಲು ಮರೆತೆ. 20 ತಿಂಗಳ, 10 ಕಿಲೋ ತೂಕದ ಒಂದು ಮಗುವಿನ ಚೀಟಿಯಲ್ಲಿ 150 ಮಿಲಿಗ್ರಾಂ ಇರಬೇಕಾದೆಡೆ 300 ಎಂದು ಬಂದಿತ್ತು. ಹಂಚುವ ಮುನ್ನ ಪ್ರತಿಯೊಂದನ್ನೂ ಕಣ್ಣಾರೆ ಓದಿ ನೋಡುವ ಅಭ್ಯಾಸ ನನಗಿದ್ದುದರಿಂದ ಅದು ಯಾರ ಕೈಯನ್ನೂ ಸೇರಲಿಲ್ಲ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಯಂತ್ರವು ಒಂದು ಸಣ್ಣ ಆಕ್ಷೇಪವನ್ನೂ ಎತ್ತದೆ ಸುಮ್ಮನಿದ್ದುದೇಕೆ? ಅದರ ದೃಷ್ಟಿಯಲ್ಲಿ 10 ಒಂದು ಸಂಖ್ಯೆ, 20 ಒಂದು ಸಂಖ್ಯೆ. ಎರಡಕ್ಕೂ ಹೆಸರಿರಲಿಲ್ಲ.

ಬೇರೆಬೇರೆ ಬಗೆಯ ಮಾಹಿತಿಯನ್ನು ಒಂದೆಡೆ ಕಟ್ಟಿಡಬೇಕಾದಾಗ ಯಾವ ಕಟ್ಟನ್ನು ಆರಿಸಬೇಕು ಎಂಬ ಪ್ರಶ್ನೆ ನನ್ನಂಥ ಹವ್ಯಾಸಿಗೆ ಹೊಸದಾಗಿ ಎದುರಾದದ್ದಲ್ಲ. ಅದಕ್ಕೆ ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಅದರ ಒಂದು ಮುಖ್ಯ ಅಧ್ಯಾಯ ನಾವು ಬದುಕುತ್ತಿರುವ ಈ ನಾಡಿನಲ್ಲಿಯೇ ನಡೆದಿದೆ. ಆ ಚರಿತ್ರೆಯನ್ನು ನನಗೆ ತಿಳಿದಷ್ಟು ಇಲ್ಲಿ ನಿರೂಪಿಸಿದ್ದೇನೆ.

ಸ್ಥಾನವೇ ಅರ್ಥವಾಗಿದ್ದ ಕಾಲ

ನಮ್ಮ ಅಜ್ಜಿಯಂದಿರ ಅಡುಗೆಮನೆಯಲ್ಲಿದ್ದ ಸಾಂಬಾರ ಬಟ್ಟಲನ್ನು ನೆನಪಿಸಿಕೊಳ್ಳಿ. ಸಾಸಿವೆ, ಜೀರಿಗೆ, ಮೆಂತ್ಯ, ಅರಿಸಿನ, ಮೆಣಸು, ಒಂದೊಂದಕ್ಕೆ ಒಂದೊಂದು ಗುಳಿ. ಯಾವುದರ ಮೇಲೂ ಹೆಸರಿಲ್ಲ. ಅಜ್ಜಿಗೆ ಅದರ ಅಗತ್ಯವೂ ಇರಲಿಲ್ಲ. ದೀಪವಿಲ್ಲದಿದ್ದರೂ ಅವಳ ಬೆರಳು ಸರಿಯಾದ ಗುಳಿಗೇ ಹೋಗುತ್ತಿತ್ತು. ತೊಂದರೆಯಾಗುತ್ತಿದ್ದುದು ಮನೆಗೆ ಹೊಸಬರು ಬಂದು ಒಗ್ಗರಣೆಗೆ ನಿಂತಾಗ. ಸಾಸಿವೆಯನ್ನೂ ಅರಿಸಿನವನ್ನೂ ಯಾರೂ ಅದಲುಬದಲು ಮಾಡಲಾರರು, ನೋಡಿದರೇ ಗೊತ್ತಾಗುತ್ತದೆ. ಆದರೆ ಜೀರಿಗೆಯ ಗುಳಿಯಲ್ಲಿ ಸೋಂಪು ತುಂಬಿದ್ದರೆ? ಕಣ್ಣಿಗೆ ಒಂದೇ ತೆರನಾಗಿ ಕಾಣುವ ವಸ್ತುಗಳೇ ಮೋಸ ಮಾಡುವುದು.

ಯಂತ್ರಗಳ ಮೊದಲ ಕಾಲದ ಕ್ರಮವೂ ಇದೇ ಆಗಿತ್ತು. 1890ರ ಅಮೆರಿಕದ ಜನಗಣತಿಗಾಗಿ ಹರ್ಮನ್ ಹೊಲರಿತ್ ರೂಪಿಸಿದ ವ್ಯವಸ್ಥೆಯಲ್ಲಿ ಒಬ್ಬ ವ್ಯಕ್ತಿಗೆ ಒಂದು ರಟ್ಟಿನ ಕಾರ್ಡು. ಅದರ ಮೇಲೆ ಗೊತ್ತಾದ ಜಾಗಗಳಲ್ಲಿ ರಂಧ್ರಗಳು. ಈ ಜಾಗದ ರಂಧ್ರ ವಯಸ್ಸಿಗೆ, ಆ ಜಾಗದ್ದು ವೈವಾಹಿಕ ಸ್ಥಿತಿಗೆ ಎಂಬುದು ಕಾರ್ಡನ್ನು ಕೊರೆಯುವವರಿಗೂ ಯಂತ್ರವನ್ನು ಹೊಂದಿಸಿದವರಿಗೂ ತಿಳಿದಿತ್ತು. ಕಾರ್ಡು ಒಂದು ಇಂಚು ಸರಿದರೆ ಅರ್ಥವೂ ಸರಿಯುತ್ತಿತ್ತು.

1957ರಲ್ಲಿ ಬಂದ ಫೋರ್ಟ್ರಾನ್ ಭಾಷೆ ವಿಜ್ಞಾನಿಗಳ ಲೆಕ್ಕಕ್ಕೆ ಹೇಳಿಮಾಡಿಸಿದ್ದು. ಅದು ಒದಗಿಸಿದ ಮುಖ್ಯ ಕಟ್ಟು ಅರೇ: ಒಂದೇ ಬಗೆಯ ಸಂಖ್ಯೆಗಳ ಸಾಲು. ನೂರು ದಿನಗಳ ತಾಪಮಾನವನ್ನು ಇಡಲು ಅದಕ್ಕಿಂತ ಉತ್ತಮವಾದುದಿಲ್ಲ. ಆದರೆ ಒಬ್ಬ ರೋಗಿಯ ವಿವರವನ್ನು ಇಡಬೇಕಾದರೆ ವಯಸ್ಸಿಗೊಂದು ಸಾಲು, ತೂಕಕ್ಕೊಂದು ಸಾಲು ಎಂದು ಬೇರೆಬೇರೆಯಾಗಿ ಇಟ್ಟು, ಎಲ್ಲ ಸಾಲುಗಳ ಏಳನೆಯ ಮನೆಯೂ ಏಳನೆಯ ರೋಗಿಯದೇ ಎಂದು ಪ್ರೋಗ್ರಾಮ್ ಬರೆದವರು ನೆನಪಿಡಬೇಕಾಗಿತ್ತು. ಒಂದು ಸಾಲನ್ನು ಮಾತ್ರ ವಿಂಗಡಿಸಿದರೆ ಒಬ್ಬರ ತೂಕ ಇನ್ನೊಬ್ಬರ ಪಾಲಾಗುತ್ತಿತ್ತು.

ಇದಕ್ಕೆ ವಿರುದ್ಧ ದಿಕ್ಕಿನಲ್ಲಿ 1958ರಲ್ಲಿ ಜಾನ್ ಮೆಕಾರ್ಥಿ ಲಿಸ್ಪ್ ಭಾಷೆಯನ್ನು ರೂಪಿಸತೊಡಗಿದರು. ಅದರ ಪಟ್ಟಿಯೊಳಗೆ ಸಂಖ್ಯೆ, ಪದ, ಇನ್ನೊಂದು ಪಟ್ಟಿ, ಯಾವುದನ್ನು ಬೇಕಾದರೂ ಕೂಡಿಸಬಹುದಾಗಿತ್ತು. ಬೆರಕೆಗೆ ಪೂರ್ಣ ಸ್ವಾತಂತ್ರ್ಯ ಸಿಕ್ಕಿತು. ಆದರೆ ಯಾವುದು ಎಲ್ಲಿದೆ ಎಂಬ ಅರಿವು ಇನ್ನೂ ಸ್ಥಾನದಲ್ಲಿಯೇ ಉಳಿಯಿತು: ಮೊದಲನೆಯದು, ಅದರ ನಂತರದ್ದು, ಅದರ ನಂತರದ್ದು. ನಾನು ಚೀಟಿಗೆ ಬಳಸಿದ್ದು ಈ ಕ್ರಮವನ್ನೇ.

ಅಂಕಣಕ್ಕೆ ಹೆಸರು ಬಂದುದು

ಹೆಸರಿನ ಅಗತ್ಯವನ್ನು ಮೊದಲು ಕಂಡುಕೊಂಡವರು ವಿಜ್ಞಾನಿಗಳಿಗಿಂತ ಹೆಚ್ಚಾಗಿ ಲೆಕ್ಕಪತ್ರದ ಜನ. 1959 ಮತ್ತು 1960ರಲ್ಲಿ ರೂಪುಗೊಂಡ ಕೋಬಾಲ್ ಭಾಷೆಯು ವ್ಯಾಪಾರ ಮತ್ತು ಆಡಳಿತದ ಕಡತಗಳಿಗೆಂದೇ ಹುಟ್ಟಿದ್ದು. ಗ್ರೇಸ್ ಹಾಪರ್ ಅವರ ಫ್ಲೋಮ್ಯಾಟಿಕ್ ಅದಕ್ಕೆ ಮುಖ್ಯ ಪ್ರೇರಣೆ. ನೌಕರ ಎಂಬುದೊಂದು ದಾಖಲೆ. ಅದರೊಳಗೆ ಹೆಸರು, ಸಂಬಳ, ಸೇರಿದ ದಿನಾಂಕ. ದಿನಾಂಕದೊಳಗೆ ದಿನ, ತಿಂಗಳು, ವರ್ಷ. ಹೀಗೆ ಒಂದರೊಳಗೊಂದು ಹೆಸರುಳ್ಳ ಮನೆಗಳನ್ನು ಕಟ್ಟಲು, ಪ್ರತಿ ಮನೆಯಲ್ಲಿ ಅಕ್ಷರವಿದೆಯೋ ಅಂಕಿಯಿದೆಯೋ ಎಂದು ಮೊದಲೇ ಸಾರಲು ಕೋಬಾಲ್ ಅವಕಾಶ ಕೊಟ್ಟಿತು.

ಕನ್ನಡಿಗರಿಗೆ ಈ ಕಲ್ಪನೆ ಹೊಸದೇನಲ್ಲ. ನಮ್ಮ ಪಹಣಿಯನ್ನು ನೋಡಿ: ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣ, ಸ್ವಾಧೀನದಾರರ ಹೆಸರು, ಬೆಳೆ. ಒಂದೊಂದು ಅಂಕಣದಲ್ಲಿ ಒಂದೊಂದು ಬಗೆಯ ಮಾಹಿತಿ; ತಲೆಯ ಮೇಲೆ ಅದರ ಹೆಸರು. ಊರಿನ ಶಾನುಭೋಗರು ಬದಲಾದರೂ ಪಹಣಿಯನ್ನು ಓದಲು ಅಡ್ಡಿಯಿರಲಿಲ್ಲ. ಅದರಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ವಿಸ್ತೀರ್ಣದ ಅಂಕಣದಲ್ಲಿ 3-20 ಎಂದಿದ್ದರೆ ಅದು ಮೂರು ಎಕರೆ ಇಪ್ಪತ್ತು ಗುಂಟೆ. ಎಕರೆಗೆ 40 ಗುಂಟೆಯಾದ್ದರಿಂದ ಅದು ಮೂರೂವರೆ ಎಕರೆ. ಯಾರಾದರೂ ಅದನ್ನು ದಶಮಾಂಶವೆಂದು ತಿಳಿದು 3.20 ಎಂದು ಬರೆದರೆ ರೈತನ ಹನ್ನೆರಡು ಗುಂಟೆ ಕಾಗದದ ಮೇಲೆಯೇ ಕರಗಿಹೋಗುತ್ತದೆ. ಎಂದರೆ ಅಂಕಣಕ್ಕೆ ಹೆಸರಿದ್ದರಷ್ಟೇ ಸಾಲದು, ಅದರೊಳಗಿನ ಮೌಲ್ಯ ಯಾವ ಬಗೆಯದು ಎಂಬ ಅರಿವೂ ಅದರೊಂದಿಗೆ ಸಾಗಬೇಕು. ಕರ್ನಾಟಕ ಸರ್ಕಾರವು ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಭೂದಾಖಲೆಗಳನ್ನು ಗಣಕಕ್ಕೆ ಏರಿಸಿದ್ದನ್ನು ಸ್ಮರಿಸಿದರೆ ಇಂಥ ಸಣ್ಣ ಅಡ್ಡಗೆರೆಯ ಬೆಲೆ ಎಷ್ಟೆಂದು ಊಹಿಸಬಹುದು.

ಕಡತದವರ ಈ ಅರಿವನ್ನು ಭಾಷಾಶಾಸ್ತ್ರಕ್ಕೆ ತಂದವರಲ್ಲಿ ಬ್ರಿಟನ್ನಿನ ಟೋನಿ ಹೋರ್ ಪ್ರಮುಖರು. 1965ರ ಅವರ ಬರಹವೊಂದು ದಾಖಲೆಗಳನ್ನು ವರ್ಗಗಳಾಗಿ ವಿಂಗಡಿಸುವುದನ್ನೂ ಒಂದು ದಾಖಲೆ ಇನ್ನೊಂದನ್ನು ಬೆರಳು ಮಾಡಿ ತೋರಿಸುವ ಕ್ರಮವನ್ನೂ ವಿವರಿಸಿತು. ನಾರ್ವೆಯ ಓಸ್ಲೋದಲ್ಲಿ ಓಲೆ ಯೋಹಾನ್ ದಾಲ್ ಮತ್ತು ಕ್ರಿಸ್ಟೆನ್ ನ್ಯುಗಾರ್ಡ್ ಆ ವಿಚಾರವನ್ನು ಮುಂದಕ್ಕೊಯ್ದರು. ಅವರ ಸಿಮುಲಾ 67 ಭಾಷೆಯಲ್ಲಿ ದಾಖಲೆಯು ತನ್ನ ವಿವರಗಳ ಜೊತೆಗೆ ತಾನು ಮಾಡಬಲ್ಲ ಕೆಲಸಗಳನ್ನೂ ಹೊತ್ತುಕೊಂಡಿತು. ಒಂದು ವರ್ಗ ಇನ್ನೊಂದರಿಂದ ಗುಣಗಳನ್ನು ಪಡೆಯತೊಡಗಿತು. ಇಂದು ನಾವು ಕ್ಲಾಸ್, ಆಬ್ಜೆಕ್ಟ್ ಎನ್ನುವುದರ ಮೂಲ ಅಲ್ಲಿದೆ. ನನ್ನ ಚೀಟಿಯ ಭಾಷೆಯಲ್ಲಿ ಹೇಳುವುದಾದರೆ, ಮಗುವಿನ ತೂಕವನ್ನು ಬಲ್ಲ ದಾಖಲೆಯೇ ತನ್ನ ಔಷಧದ ಪ್ರಮಾಣವನ್ನೂ ಹೇಳಬಲ್ಲದು. ಹೊರಗಿನವರು ಮೂರನೆಯದನ್ನು ಎಣಿಸುತ್ತ ಕೂರಬೇಕಾಗಿಲ್ಲ.

ಬಿಗಿಯೋ ಸಡಿಲವೋ

ಇಲ್ಲಿಂದ ದಾರಿ ಎರಡಾಗಿ ಕವಲೊಡೆಯಿತು. ನಿಕ್ಲಾಸ್ ವಿರ್ತ್ ಅವರ ಪ್ಯಾಸ್ಕಲ್ (1970), ಡೆನಿಸ್ ರಿಚಿ ಅವರ ಸಿ ಭಾಷೆಗಳು ಬಿಗಿಯ ದಾರಿ ಹಿಡಿದವು. ಪ್ರತಿ ಮನೆಯ ಹೆಸರನ್ನೂ ಬಗೆಯನ್ನೂ ಮೊದಲೇ ಸಾರಬೇಕು. ಸಿ ಭಾಷೆಗೆ ಸ್ಟ್ರಕ್ಟ್ ಎಂಬ ಕಟ್ಟು ಸೇರಿದ ಮೇಲೆಯೇ, 1973ರಲ್ಲಿ, ಯುನಿಕ್ಸ್‌ನ ತಿರುಳನ್ನು ಆ ಭಾಷೆಯಲ್ಲಿ ಮರಳಿ ಬರೆಯಲು ಸಾಧ್ಯವಾಯಿತು. ಬಗೆಬಗೆಯದನ್ನು ಕಟ್ಟುವ ಒಂದು ಸಾಧನವಿಲ್ಲದೆ ಅಷ್ಟು ದೊಡ್ಡ ವ್ಯವಸ್ಥೆಯನ್ನು ನಿರ್ಮಿಸುವುದು ಕಷ್ಟವೆಂಬುದಕ್ಕೆ ಇದೇ ಸಾಕ್ಷಿ.

ಅಲನ್ ಕೇ ಮತ್ತು ಸಂಗಡಿಗರು 1970ರ ದಶಕದಲ್ಲಿ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ರೂಪಿಸಿದ ಸ್ಮಾಲ್‌ಟಾಕ್ ಸಡಿಲದ ದಾರಿ ಹಿಡಿಯಿತು. ಅಲ್ಲಿ ಎಲ್ಲವೂ ಆಬ್ಜೆಕ್ಟ್. ಸಾಲು, ನಿಘಂಟು, ಚೀಲ, ಗಣ ಎಂಬ ಹಲವು ಸಂಗ್ರಹಗಳು; ಯಾವುದರಲ್ಲಿ ಏನನ್ನು ಇಟ್ಟರೂ ಅಡ್ಡಿಯಿಲ್ಲ. ಒಳಗಿರುವುದು ಕೇಳಿದ ಕೆಲಸವನ್ನು ಮಾಡಬಲ್ಲದೇ ಎಂಬುದಷ್ಟೇ ಪ್ರಶ್ನೆ.

1995ರ ಜಾವಾ ಬಿಗಿಯ ದಾರಿಯದು. ಆದರೂ ಅದರ ಸಂಗ್ರಹಗಳು ಮೊದಲ ಒಂಬತ್ತು ವರ್ಷ ಒಳಗೆ ಏನಿದೆಯೆಂದು ಬಲ್ಲವಾಗಿರಲಿಲ್ಲ. ಹಾಕುವಾಗ ಎಲ್ಲವೂ ಬರಿಯ ಆಬ್ಜೆಕ್ಟ್. ತೆಗೆಯುವಾಗ ಇದು ಪದ, ಇದು ಸಂಖ್ಯೆ ಎಂದು ಬರೆಯುವವರೇ ಆಣೆಯಿಟ್ಟು ಹೇಳಬೇಕು. ಆಣೆ ಸುಳ್ಳಾದರೆ ಪ್ರೋಗ್ರಾಮ್ ಓಡುತ್ತಿರುವಾಗಲೇ ಕುಸಿಯುತ್ತಿತ್ತು. 2004ರ ಜಾವಾ 5 ಆವೃತ್ತಿಯ ಜೆನೆರಿಕ್ಸ್ ಇದನ್ನು ಬಹುಮಟ್ಟಿಗೆ ಸರಿಪಡಿಸಿತು. ಬಳಗದ ಹಿರಿಯ ಎಂಜಿನಿಯರುಗಳಿಗೆ ಆ ಹಿಂದಿನ ದಿನಗಳು ಇನ್ನೂ ನೆನಪಿರಬಹುದು.

ಮತ್ಸುಎ ನಗರದ ಮಾಣಿಕ್ಯ

ಈಗ ಜಪಾನಿನ ಅಧ್ಯಾಯಕ್ಕೆ ಬರೋಣ. 1965ರಲ್ಲಿ ಹುಟ್ಟಿ ತೊತ್ತೊರಿ ಪ್ರಾಂತದಲ್ಲಿ ಬೆಳೆದು ತ್ಸುಕುಬಾ ವಿಶ್ವವಿದ್ಯಾಲಯದಲ್ಲಿ ಓದಿದ ಯುಕಿಹಿರೊ ಮತ್ಸುಮೊತೊ ಎಂಬ ತರುಣ 1993ರ ಫೆಬ್ರವರಿಯಲ್ಲಿ ಮಿತ್ರ ಕೇಜು ಇಶಿತ್ಸುಕಾ ಅವರೊಡನೆ ಮಾತನಾಡುತ್ತ ಹೊಸ ಭಾಷೆಗೊಂದು ಹೆಸರನ್ನು ಹುಡುಕುತ್ತಿದ್ದರು. ಪರ್ಲ್ ಎಂಬ ಭಾಷೆಯ ಉಚ್ಚಾರಣೆ ಮುತ್ತನ್ನು ನೆನಪಿಸುತ್ತದೆ. ಇದಕ್ಕೂ ಒಂದು ರತ್ನದ ಹೆಸರಿರಲೆಂದು ರೂಬಿ, ಎಂದರೆ ಮಾಣಿಕ್ಯ, ಆಯ್ಕೆಯಾಯಿತು. 1995ರ ಡಿಸೆಂಬರ್ 21ರಂದು ಭಾಷೆ ಸಾರ್ವಜನಿಕರ ಕೈಸೇರಿತು. 1997ರಿಂದ ಅವರ ಕಾರ್ಯಕ್ಷೇತ್ರ ಶಿಮಾನೆ ಪ್ರಾಂತದ ಮತ್ಸುಎ, ಸರೋವರದ ದಂಡೆಯ ಶಾಂತ ನಗರ. 2000ದ ಸುಮಾರಿಗೆ ಇಂಗ್ಲಿಷಿನಲ್ಲಿ ಪುಸ್ತಕ ಬಂದು, 2004ರಲ್ಲಿ ಡೆನ್ಮಾರ್ಕಿನ ಡೇವಿಡ್ ಹೈನೆಮಿಯರ್ ಹ್ಯಾನ್ಸನ್ ಅದರ ಮೇಲೆ ರೈಲ್ಸ್ ಎಂಬ ಜಾಲತಾಣ ಚೌಕಟ್ಟನ್ನು ಕಟ್ಟಿದ ಮೇಲೆ ರೂಬಿ ಜಗತ್ತಿಗೆಲ್ಲ ಪರಿಚಿತವಾಯಿತು. 2011ರಲ್ಲಿ ಜಪಾನಿನ ಕೈಗಾರಿಕಾ ಮಾನಕವಾಗಿ, 2012ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ಅದಕ್ಕೆ ಮನ್ನಣೆ ದೊರೆಯಿತು.

ಮತ್ಸುಮೊತೊ ಅವರ ಹಂಬಲ ಪ್ರೋಗ್ರಾಮ್ ಬರೆಯುವವರಿಗೆ ಸಂತೋಷವಾಗಬೇಕೆಂಬುದು. ಪರ್ಲ್, ಸ್ಮಾಲ್‌ಟಾಕ್, ಐಫೆಲ್, ಏಡಾ, ಲಿಸ್ಪ್‌ಗಳಿಂದ ತಮಗೆ ಒಪ್ಪಿತವಾದುದನ್ನು ಅವರು ಆಯ್ದುಕೊಂಡರು. ಹೀಗಾಗಿ ಬೆರಕೆ ಮಾಹಿತಿಯನ್ನು ಕಟ್ಟಿಡಲು ರೂಬಿಯಲ್ಲಿ ಒಂದಲ್ಲ, ಹಲವು ಪಾತ್ರೆಗಳಿವೆ. ಮೇಲೆ ಹೇಳಿದ ಚರಿತ್ರೆಯೆಲ್ಲ ಆ ಒಂದೇ ಭಾಷೆಯ ಪಾತ್ರೆಗಳಲ್ಲಿ ಅಡಕವಾಗಿದೆ ಎಂದರೂ ಸಲ್ಲುತ್ತದೆ.

ಮೊದಲನೆಯದು ಅರೇ. ಹೆಸರು ಫೋರ್ಟ್ರಾನಿನದಾದರೂ ಸ್ವಭಾವ ಲಿಸ್ಪ್ ಪಟ್ಟಿಯದು: ಏನನ್ನು ಬೇಕಾದರೂ ಹಾಕಬಹುದು, ಸ್ಥಾನದಿಂದ ತೆಗೆಯಬೇಕು. ಎರಡನೆಯದು ಹ್ಯಾಶ್. ಪ್ರತಿ ಮೌಲ್ಯಕ್ಕೂ ಒಂದು ಕೀಲಿಪದ. "ಮೂರನೆಯದು" ಎನ್ನುವ ಬದಲು "ತೂಕ" ಎಂದು ಕೇಳಬಹುದು. ಆದರೆ "ತೂಕ" ಎನ್ನುವಲ್ಲಿ "ತುಕ" ಎಂದು ಬರೆದು ಕೇಳಿದರೂ ಹ್ಯಾಶ್ ಸಿಟ್ಟಾಗುವುದಿಲ್ಲ. "ನಿಲ್", ಎಂದರೆ ಏನೂ ಇಲ್ಲ, ಎಂದು ಸೌಮ್ಯವಾಗಿ ಉತ್ತರಿಸುತ್ತದೆ. ಕೀಲಿ ಇರಲೇಬೇಕೆಂದು ಕಟ್ಟುನಿಟ್ಟಾಗಿ ಕೇಳಲು "ಫೆಚ್" ಎಂಬ ಬೇರೆ ವಿಧಾನವಿದೆ.

ಮೂರನೆಯದು ಸ್ಟ್ರಕ್ಟ್. ಅಂಕಣಗಳ ಹೆಸರನ್ನು ಒಮ್ಮೆ ಸಾರಿಬಿಟ್ಟರೆ ಆ ಆಕಾರದ ದಾಖಲೆಗಳನ್ನು ಎಷ್ಟು ಬೇಕಾದರೂ ಮಾಡಬಹುದು. ಸಾರದ ಹೆಸರಿನಿಂದ ಕೇಳಿದರೆ ಅದು ಒಡನೆಯೇ ತಪ್ಪೆಂದು ಕೂಗುತ್ತದೆ. ಆದರೆ ಸ್ಟ್ರಕ್ಟ್‌ನೊಳಗಿನ ಮೌಲ್ಯವನ್ನು ಯಾರು ಬೇಕಾದರೂ ಆಮೇಲೆ ಬದಲಿಸಬಹುದು. ಆ ಸಡಿಲವೂ ಬೇಡವೆನ್ನುವವರಿಗಾಗಿ 2022ರ ಡಿಸೆಂಬರಿನಲ್ಲಿ ಬಂದ ರೂಬಿ 3.2 ಆವೃತ್ತಿಯು ಡೇಟಾ ಎಂಬ ನಾಲ್ಕನೆಯ ಪಾತ್ರೆಯನ್ನು ಕೊಟ್ಟಿತು. ಒಮ್ಮೆ ತುಂಬಿದರೆ ಅದರ ಮನೆಗಳು ಬದಲಾಗವು. ಒಂದು ಅಂಕಣವನ್ನು ಬಿಟ್ಟರೆ ದಾಖಲೆ ಹುಟ್ಟುವುದೇ ಇಲ್ಲ. ಇದೇ ಅವಧಿಯಲ್ಲಿ ಇತರ ಭಾಷೆಗಳೂ ಇದೇ ತೀರಕ್ಕೆ ಬಂದು ಸೇರಿದವು: ಪೈಥಾನಿನ ಡೇಟಾಕ್ಲಾಸ್ 2018ರಲ್ಲಿ, ಜಾವಾದ ರೆಕಾರ್ಡ್ 2021ರಲ್ಲಿ. ಬಿಗಿಯಾಗಿದ್ದವು ಬರವಣಿಗೆಯನ್ನು ಹಗುರ ಮಾಡಿಕೊಂಡವು, ಸಡಿಲವಾಗಿದ್ದವು ತುಸು ಬಿಗಿದುಕೊಂಡವು. ಎರಡೂ ಕವಲುಗಳು ಒಪ್ಪಿಕೊಂಡದ್ದು ಒಂದನ್ನೇ: ಜೊತೆಯಾಗಿ ಸಾಗುವ ಬಗೆಬಗೆಯ ಮೌಲ್ಯಗಳಿಗೆ ಸ್ಥಾನದ ಗುರುತು ಸಾಲದು, ಹೆಸರು ಬೇಕು.

ಅಕ್ಷರದ ತಲೆಯ ಮೇಲಿನ ರೂಬಿ

ಜಪಾನಿನಲ್ಲಿ ರೂಬಿ ಎಂಬ ಪದಕ್ಕೆ ಇನ್ನೊಂದು ಅರ್ಥವಿದೆ. ನಮ್ಮ ಮಕ್ಕಳ ಪಠ್ಯಪುಸ್ತಕಗಳಲ್ಲಿ ಕಾಂಜಿ ಅಕ್ಷರದ ತಲೆಯ ಮೇಲೋ ಪಕ್ಕದಲ್ಲೋ ಅದರ ಉಚ್ಚಾರಣೆಯನ್ನು ತಿಳಿಸುವ ಪುಟ್ಟ ಹಿರಗಾನ ಅಕ್ಷರಗಳಿರುತ್ತವಲ್ಲವೇ? ಅವನ್ನು ಫುರಿಗಾನ ಎನ್ನುತ್ತಾರೆ. ಮುದ್ರಣಾಲಯದ ಮಾತಿನಲ್ಲಿ ಅವು ರೂಬಿ. ಹಿಂದಿನ ಬ್ರಿಟಿಷ್ ಮುದ್ರಕರು ಅಚ್ಚಿನ ಮೊಳೆಗಳ ಅಳತೆಗೆ ರತ್ನಗಳ ಹೆಸರನ್ನಿಡುತ್ತಿದ್ದರು. ಫುರಿಗಾನಕ್ಕೆ ಬಳಸುತ್ತಿದ್ದ ಸಣ್ಣ ಮೊಳೆ ಐದೂವರೆ ಪಾಯಿಂಟಿನ ರೂಬಿ ಮೊಳೆಗೆ ಹತ್ತಿರವಾಗಿದ್ದುದರಿಂದ ಈ ಹೆಸರು ನಿಂತಿತು. ಮತ್ಸುಮೊತೊ ಅವರ ಭಾಷೆಗೆ ಹೆಸರು ಬಂದುದು ಇದರಿಂದಲ್ಲ. ಆದರೂ ಅಕ್ಷರವೊಂದು ತನ್ನನ್ನು ಓದುವ ಬಗೆಯನ್ನು ತನ್ನ ತಲೆಯ ಮೇಲೆಯೇ ಹೊತ್ತು ಸಾಗುವ ಆ ಕ್ರಮ ನಮ್ಮ ವಿಷಯಕ್ಕೆ ಬಹಳ ಹತ್ತಿರದ್ದು.

ಆ ಪುಟ್ಟ ಗುರುತನ್ನು ಬಿಟ್ಟರೆ ಏನಾಗಬಹುದೆಂಬುದನ್ನು ಈ ನಾಡು ದೊಡ್ಡ ಬೆಲೆ ತೆತ್ತು ಕಲಿತಿದೆ. 1997ರ ಜನವರಿಯಲ್ಲಿ ಜಪಾನು ಪಿಂಚಣಿಗಾಗಿ ಪ್ರತಿಯೊಬ್ಬರಿಗೂ ಒಂದೇ ಸಂಖ್ಯೆಯನ್ನು ಕೊಟ್ಟು, ಅದುವರೆಗೆ ಬೇರೆಬೇರೆ ಯೋಜನೆಗಳಲ್ಲಿ ಚದುರಿದ್ದ ದಾಖಲೆಗಳನ್ನು ಅದರಡಿ ಒಂದುಗೂಡಿಸಲು ಹೊರಟಿತು. ಹತ್ತು ವರ್ಷಗಳ ಬಳಿಕ, 2007ರಲ್ಲಿ, ಸುಮಾರು 5 ಕೋಟಿ ದಾಖಲೆಗಳು ಯಾರವೆಂದು ಗೊತ್ತಾಗದೆ ಉಳಿದಿವೆಯೆಂಬ ಸಂಗತಿ ದೇಶವನ್ನೇ ಕಲಕಿತು. ದಶಕಗಳ ಕಾಲ ಕಂತು ಕಟ್ಟಿದ ವೃದ್ಧರ ಹಣ ಅವರ ಹೆಸರಿಗೆ ಸೇರದೆ ಬಿದ್ದಿತ್ತು. ಕಾರಣಗಳು ಹಲವು: ಜನ್ಮದಿನಾಂಕ ತಪ್ಪಾಗಿ ನಮೂದಾಗಿತ್ತು, ಮದುವೆಯ ನಂತರ ಹೆಂಗಸರ ಮನೆತನದ ಹೆಸರು ಬದಲಾಗಿತ್ತು. ಇನ್ನೊಂದು ಕಾರಣ ಹೆಸರಿನ ಓದು. ಹಳೆಯ ದಾಖಲೆಗಳಲ್ಲಿ ಕಾಂಜಿಯಲ್ಲಿದ್ದ ಹೆಸರುಗಳನ್ನು ಯಾಂತ್ರಿಕವಾಗಿ ಕಾನ ಅಕ್ಷರಗಳಿಗೆ ತಿರುಗಿಸಿದಾಗ, ಯೂಕೊ ಎಂದೂ ಹಿರೊಕೊ ಎಂದೂ ಓದಬಹುದಾದ ಒಂದೇ ಕಾಂಜಿ ಜೋಡಿ ತಪ್ಪು ಓದಿನೊಂದಿಗೆ ದಾಖಲಾಗಿಬಿಡುತ್ತಿತ್ತು. ಬರೆದ ಹೆಸರು ಒಂದು ಮಾಹಿತಿ, ಓದುವ ಹೆಸರು ಇನ್ನೊಂದು ಮಾಹಿತಿ; ಎರಡಕ್ಕೂ ಪ್ರತ್ಯೇಕ ಮನೆ ಬೇಕಾಗಿತ್ತು. ಒಂದರಿಂದ ಇನ್ನೊಂದನ್ನು ಊಹಿಸಿಕೊಳ್ಳಬಹುದೆಂದು ಭಾವಿಸಿದ್ದೇ ಪ್ರಮಾದ. ಆ ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದ ಸಾಮಾಜಿಕ ವಿಮಾ ಸಂಸ್ಥೆಯನ್ನೇ ವಿಸರ್ಜಿಸಿ 2010ರ ಜನವರಿಯಲ್ಲಿ ಹೊಸ ಸಂಸ್ಥೆಯನ್ನು ಸ್ಥಾಪಿಸಬೇಕಾಯಿತು. 2025ರ ಮೇ 26ರಿಂದ ಜಪಾನಿನ ಕುಟುಂಬ ನೋಂದಣಿಯಲ್ಲಿ ಹೆಸರಿನ ಫುರಿಗಾನವನ್ನೂ ದಾಖಲಿಸುವ ಕಾನೂನು ಜಾರಿಗೆ ಬಂದಿದೆ. ಹೆಸರಿನ ಓದಿಗೆ ಅಧಿಕೃತವಾದ ಮನೆಯೊಂದು ಕೊನೆಗೂ ದೊರೆಯಿತು.

ನಮ್ಮ ಕುಟುಂಬಗಳಿಗೂ ಈ ಪಾಠ ಹೊರತಲ್ಲ. ಇಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ನಮ್ಮಲ್ಲಿ ಊರಿನ ಮೊದಲಕ್ಷರ, ತಂದೆಯ ಮೊದಲಕ್ಷರ, ಅನಂತರ ಹೆಸರು. ಅರ್ಜಿಯ ಎರಡು ಖಾನೆಗಳಲ್ಲಿ ಯಾವುದನ್ನು ಎಲ್ಲಿ ತುಂಬಬೇಕೆಂದು ತಡವರಿಸದ ಕನ್ನಡಿಗರು ಜಪಾನಿನಲ್ಲಿ ವಿರಳ. ವರ್ಷದ ವಿಷಯವೂ ಹಾಗೆಯೇ: ಜನ್ಮವರ್ಷದ ಖಾನೆಯಲ್ಲಿ ಬರಿಯ 7 ಎಂದಿದ್ದರೆ ಅದು ಹೆಇಸೆ 7 ಆಗಿ 1995 ಇರಬಹುದು, ರೇವಾ 7 ಆಗಿ 2025 ಇರಬಹುದು. ಒಂದೇ ಅಂಕಿ, ನಡುವೆ ಮೂವತ್ತು ವರ್ಷ.

ಖಾಲಿ ಮನೆಯ ಪ್ರಶ್ನೆ

ವೈದ್ಯಳೋ ವೈದ್ಯನೋ, ನನ್ನ ವೃತ್ತಿಯ ಯಾರೇ ಆದರೂ ಹೆಚ್ಚು ಅಂಜುವುದು ಖಾಲಿ ಖಾನೆಗೆ. "ಒಗ್ಗದ ಔಷಧಗಳು" ಎಂಬುದರ ಮುಂದೆ ಏನೂ ಬರೆದಿಲ್ಲವೆಂದರೆ ಎರಡು ಅರ್ಥ: ಕೇಳಿದೆವು, ಯಾವುದೂ ಇಲ್ಲ, ಅಥವಾ ಕೇಳಿಯೇ ಇಲ್ಲ. ಮೊದಲನೆಯದು ಧೈರ್ಯ ಕೊಡುತ್ತದೆ, ಎರಡನೆಯದು ಎಚ್ಚರಿಸಬೇಕು. ಕಾಗದದ ಮೇಲೆ ಎರಡೂ ಒಂದೇ ಬಿಳುಪು.

ಇದಕ್ಕೂ ಒಂದು ಚರಿತ್ರೆಯಿದೆ. ಮೇಲೆ ಹೇಳಿದ ಟೋನಿ ಹೋರ್ 1965ರಲ್ಲಿಯೇ, ಬೆರಳು ತೋರಿಸಲು ಏನೂ ಇಲ್ಲದಾಗ ಬಳಸುವ "ನಲ್" ಎಂಬ ಗುರುತನ್ನು ತಮ್ಮ ಭಾಷೆಗೆ ಸೇರಿಸಿದ್ದರು. 2009ರ ಉಪನ್ಯಾಸವೊಂದರಲ್ಲಿ ಅದನ್ನು ತಮ್ಮ ನೂರು ಕೋಟಿ ಡಾಲರಿನ ತಪ್ಪು ಎಂದು ಅವರೇ ಕರೆದುಕೊಂಡರು. ಮಾಡುವುದು ಸುಲಭವಾಗಿತ್ತು, ಅದಕ್ಕೇ ಮಾಡಿದೆ ಎಂಬರ್ಥದ ಮಾತನ್ನೂ ಹೇಳಿದರು. ಅಂಥ ವಿದ್ವಾಂಸರು ಸಭೆಯಲ್ಲಿ ನಿಂತು ತಪ್ಪನ್ನು ಒಪ್ಪಿಕೊಂಡದ್ದು ನನಗೆ ಗೌರವದ ಸಂಗತಿಯಾಗಿ ಕಂಡಿದೆ. ರೂಬಿಯ "ನಿಲ್" ಅದೇ ವಂಶದ್ದು. ಆದರೆ ಆಯ್ಕೆ ನಮ್ಮ ಕೈಯಲ್ಲಿದೆ. ಒಗ್ಗದ ಔಷಧಗಳ ಮನೆಯಲ್ಲಿ ಒಂದು ಪಟ್ಟಿಯನ್ನೇ ಇಡಬಹುದು: ಕೇಳಿ ಇಲ್ಲವೆಂದು ತಿಳಿದಿದ್ದರೆ ಖಾಲಿ ಪಟ್ಟಿ, ಕೇಳಿಯೇ ಇಲ್ಲದಿದ್ದರೆ "ಕೇಳಿಲ್ಲ" ಎಂಬ ಸ್ಪಷ್ಟ ಗುರುತು.

ಹಾಗಾದರೆ ಯಾವುದನ್ನು ಆರಿಸಬೇಕು?

ಪ್ರೋಗ್ರಾಮಿಂಗ್ ಕಲಿಯುತ್ತಿರುವ ನಮ್ಮ ಮಕ್ಕಳಿಗೆ ಉಪಯೋಗವಾಗಲೆಂದು, ರೋಗಿಯನ್ನು ವಿಚಾರಿಸುವ ಕ್ರಮದಲ್ಲಿಯೇ ಕೆಲವು ಪ್ರಶ್ನೆಗಳನ್ನು ಮುಂದಿಡುತ್ತೇನೆ.

ಒಳಗಿರುವುದೆಲ್ಲ ಒಂದೇ ಅರ್ಥದ್ದೇ, ಎಷ್ಟಿವೆಯೆಂಬುದಷ್ಟೇ ಬದಲಾಗುತ್ತದೆಯೇ? ಒಂದು ವಾರದ ಜ್ವರದ ಅಳತೆಗಳಂತೆ ಇದ್ದರೆ ಅರೇ ಸಾಕು. ಅಲ್ಲಿ ಕ್ರಮವೇ ಅರ್ಥ.

ಭಾಗಗಳು ಇಷ್ಟೇ ಎಂದು ಮೊದಲೇ ಗೊತ್ತಿದೆಯೇ, ಪ್ರತಿಯೊಂದರ ಅರ್ಥವೂ ಬೇರೆಯೇ? ಹಾಗಿದ್ದರೆ ಹೆಸರುಳ್ಳ ದಾಖಲೆ ಬೇಕು: ಸ್ಟ್ರಕ್ಟ್, ಡೇಟಾ, ಡೇಟಾಕ್ಲಾಸ್, ರೆಕಾರ್ಡ್, ನಿಮ್ಮ ಭಾಷೆ ಯಾವುದನ್ನು ಕೊಡುತ್ತದೋ ಅದು. ಆ ದಾಖಲೆ ತನ್ನ ಮಾಹಿತಿಯಿಂದ ಏನಾದರೂ ಲೆಕ್ಕ ಮಾಡಬೇಕಾದರೆ, ನಿಯಮವನ್ನು ಪಾಲಿಸಬೇಕಾದರೆ, ಆ ಕೆಲಸವನ್ನೂ ಒಳಗಿಟ್ಟು ಪೂರ್ಣ ಪ್ರಮಾಣದ ಕ್ಲಾಸ್ ಮಾಡಿ.

ಕೀಲಿಪದಗಳು ಯಾವುವೆಂದು ಮೊದಲೇ ತಿಳಿಯದೇ? ಪ್ರತಿಯೊಬ್ಬರ ತಪಾಸಣೆಯಲ್ಲೂ ಬೇರೆಬೇರೆ ಪರೀಕ್ಷೆಗಳ ಫಲಿತಾಂಶ ಬರುವಂತಿದ್ದರೆ ಹ್ಯಾಶ್ ಅಥವಾ ನಿಘಂಟು ಸರಿ.

ಎರಡೇ ಮೌಲ್ಯಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಸಿ ಮರುಕ್ಷಣವೇ ಬಿಡಿಸಿಕೊಳ್ಳುವಿರೇ? ಆಗ ಹೆಸರಿಲ್ಲದ ಜೋಡಿಯೂ ನಡೆಯುತ್ತದೆ. ಅಜ್ಜಿಯ ಸಾಂಬಾರ ಬಟ್ಟಲು ಅಜ್ಜಿಯ ಕೈಯಲ್ಲಿರುವಷ್ಟು ಹೊತ್ತು ಯಾವ ದೋಷವೂ ಇಲ್ಲ.

ಕೊನೆಯ ಪ್ರಶ್ನೆ ನನ್ನ ಅನುಭವದ್ದು: ಒಂದೇ ಬಗೆಯಂತೆ ಕಾಣುವ, ಆದರೆ ಅರ್ಥ ಬೇರೆಯಾದ ಎರಡು ಮೌಲ್ಯಗಳು ಅಕ್ಕಪಕ್ಕದಲ್ಲಿವೆಯೇ? ಹೆಸರಿನ ಜಾಗಕ್ಕೆ ಸಂಖ್ಯೆ ಬಂದಿದ್ದರೆ ಯಾರಿಗಾದರೂ ತಟ್ಟನೆ ತಿಳಿಯುತ್ತಿತ್ತು. ತೂಕದ ಜಾಗಕ್ಕೆ ವಯಸ್ಸು ಬಂದುದು ತಿಳಿಯಲಿಲ್ಲ.

ಚೀಟಿ ಈಗ ಹೇಗಿದೆ

ಈಗಿನ ಪ್ರೋಗ್ರಾಮಿನಲ್ಲಿ ಪ್ರತಿ ಮಗುವಿನ ವಿವರವೂ ಹೆಸರುಳ್ಳ ಒಂದು ದಾಖಲೆ. ರೂಬಿಯಲ್ಲಿ ಕನ್ನಡ ಅಕ್ಷರಗಳಲ್ಲಿಯೇ ಅಂಕಣದ ಹೆಸರನ್ನು ಬರೆಯಬಹುದಾದ್ದರಿಂದ "ತೂಕ_ಕಿಲೋ", "ವಯಸ್ಸು_ತಿಂಗಳು" ಎಂದೇ ಬರೆದಿದ್ದೇನೆ. ಅಳತೆಯ ಮಾನವೂ ಹೆಸರಿನೊಂದಿಗೇ ಇದೆ. ಬರೆದ ಹೆಸರಿಗೂ ಕಾನ ಓದಿಗೂ ಪ್ರತ್ಯೇಕ ಮನೆಗಳು. ಜನ್ಮದಿನಾಂಕದಲ್ಲಿ ನಾಲ್ಕಂಕಿಯ ವರ್ಷ. ನಮೂನೆಯ ಅಂಕಣಗಳನ್ನು ಹೇಗೆ ಅದಲುಬದಲು ಮಾಡಿದರೂ ತೂಕ ತೂಕವಾಗಿಯೇ ಉಳಿಯುತ್ತದೆ. ಅದರ ಮೇಲೂ ಪ್ರತಿ ಚೀಟಿಯನ್ನು ಇಬ್ಬರು ಕಣ್ಣಿಟ್ಟು ಓದಿದ ಮೇಲೆಯೇ ಹಂಚುತ್ತೇವೆ. ಯಾವ ಕಟ್ಟೂ ಆ ಕೆಲಸವನ್ನು ತಪ್ಪಿಸಲಾರದು.

ಭೂಕಂಪದ ರಾತ್ರಿ ಆಶ್ರಯ ಶಿಬಿರದಲ್ಲಿ ನಿಮ್ಮ ಮಗುವಿನ ಚೀಟಿಯನ್ನು ಓದುವವರು ನಾನಾಗಿರುವುದಿಲ್ಲ. ಕನ್ನಡವನ್ನಾಗಲಿ ನಿಮ್ಮನ್ನಾಗಲಿ ಅರಿಯದ ಒಬ್ಬ ದಾದಿ ಅದನ್ನು ಓದುತ್ತಾರೆ. ಅದಕ್ಕಾಗಿ ಚೀಟಿಯ ಹಿಂಬದಿಯಲ್ಲಿ ಪ್ರತಿ ಅಂಕಣದ ಹೆಸರನ್ನೂ ಜಪಾನೀ ಭಾಷೆಯಲ್ಲಿ ಫುರಿಗಾನ ಸಹಿತ ಮುದ್ರಿಸಿದ್ದೇವೆ. ಈ ಬಾರಿಯ ನಮೂನೆ ನಿಮ್ಮ ಕೈಸೇರಿದಾಗ ದಯವಿಟ್ಟು ಯಾವ ಖಾನೆಯನ್ನೂ ಖಾಲಿ ಬಿಡಬೇಡಿ. ಒಗ್ಗದ ಔಷಧ ಇಲ್ಲದಿದ್ದರೆ "ಇಲ್ಲ" ಎಂದೇ ಬರೆಯಿರಿ. ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ" ಎನ್ನಿ.